ಬೇಲಿಯೇ ಹೊಲ ಮೇಯುವಾಗ ಕಾವಲಿನವರು ಎತ್ತ ನೋಡುತ್ತಿದ್ದರು?

ಪ್ರಶ್ನೆ: ತಮ್ಮ ದೇಶದ ಗುಟ್ಟನ್ನೇ ಬೇರೆ ದೇಶಕ್ಕೆ ಕೊಡುವವರು ಯಾಕೆ ಹಾಗೆ ಮಾಡುತ್ತಾರೆ? ಬರೀ ದುಡ್ಡಿಗಾಗಿಯಾ? ಅಥವಾ ಸಿನಿಮಾದಲ್ಲಿ ತೋರಿಸುವ ಹಾಗೆ ಶತ್ರುಗಳು ಬಲೆ ಬೀಸಿ ಹಿಡಿಯುತ್ತಾರಾ? ಕೆಲವರು ಇಪ್ಪತ್ತು ವರ್ಷ ಸಿಕ್ಕಿಬೀಳದೆ ಇದ್ದರಂತೆ. ಪಕ್ಕದ ಮೇಜಿನಲ್ಲಿ ಕೂತವರಿಗೆ ಅಷ್ಟು ವರ್ಷ ಏನೂ ಗೊತ್ತಾಗಲಿಲ್ವಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಗೊತ್ತಾಗಿತ್ತು. ಎಲ್ಲ ಸಲ ಅಲ್ಲ, ಆದರೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಲ. ಹೆಂಡತಿಗೆ, ಭಾವಮೈದನಿಗೆ, ಜೊತೆಗೆ ಕೆಲಸ ಮಾಡುವವರಿಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಕೆಲವರು ಬಾಯಿ ಬಿಟ್ಟು ಹೇಳಿಯೂ ಇದ್ದರು. ಕೇಳಿಸಿಕೊಳ್ಳಬೇಕಾದವರು ಮಾತ್ರ ಬೇರೆ ಕಡೆ ನೋಡುತ್ತಿದ್ದರು. ಸುಮಾರು 130 ವರ್ಷಗಳ ಈ ಇತಿಹಾಸದಲ್ಲಿ ಇದೊಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ‘ಇವನು ನಮ್ಮವನಲ್ಲ’ ಅನ್ನಿಸಿದವನ ಮೇಲೆ ಅನುಮಾನ ಬೀಳುತ್ತದೆ. ಗುಟ್ಟು ಸೋರುವುದು ‘ಇವನು ನಮ್ಮವನೇ’ ಅನ್ನಿಸಿಕೊಂಡವನ ಕೈಯಿಂದ.

1894ರ ಪ್ಯಾರಿಸ್‌ನಿಂದ ನೋಡೋಣ. ಜರ್ಮನ್ ರಾಯಭಾರ ಕಚೇರಿಯಲ್ಲಿ ಕಸ ಗುಡಿಸುವ ಹೆಂಗಸು ಫ್ರೆಂಚ್ ಸೇನೆಯ ಗುಪ್ತಚರರಿಗೆ ಕಸದ ಬುಟ್ಟಿಯ ಕಾಗದಗಳನ್ನು ತಂದುಕೊಡುತ್ತಿದ್ದಳು. ಒಂದು ದಿನ ಅದರಲ್ಲಿ ಹರಿದ ಚೀಟಿಯೊಂದು ಸಿಕ್ಕಿತು. ಫ್ರೆಂಚ್ ಸೇನೆಯ ಅಧಿಕಾರಿಯೊಬ್ಬ ಜರ್ಮನರಿಗೆ ಏನೇನು ಕೊಡಲಿದ್ದಾನೆ ಎಂಬ ಪಟ್ಟಿ ಅದು. ಯಾರು ಬರೆದದ್ದು? ಸೇನಾ ಕಚೇರಿಯಲ್ಲಿ ಆಲ್‌ಫ್ರೆಡ್ ಡ್ರೇಫಸ್ ಎಂಬ ಕ್ಯಾಪ್ಟನ್ ಇದ್ದರು. ಯಹೂದಿ, ಅದರ ಮೇಲೆ ಜರ್ಮನಿಯ ವಶಕ್ಕೆ ಹೋಗಿದ್ದ ಅಲ್ಸೇಸ್ ಪ್ರಾಂತ್ಯದವರು. ಮೇಲಿನವರಿಗೆ ಅಷ್ಟು ಸಾಕಾಯಿತು. ಅಕ್ಷರ ಹೊಂದದಿದ್ದರೂ ಹೊಂದಿಸಿದರು. ಡ್ರೇಫಸ್‌ರನ್ನು ದಕ್ಷಿಣ ಅಮೆರಿಕದ ಕರಾವಳಿಯ ಡೆವಿಲ್ಸ್ ಐಲೆಂಡ್ ಎಂಬ ನಡುಗಡ್ಡೆಗೆ ಕಳಿಸಿದರು.

ಚೀಟಿ ಬರೆದವನು ಎಸ್ಟರ್‌ಹಾಜಿ ಎಂಬ ಇನ್ನೊಬ್ಬ ಅಧಿಕಾರಿ. ಜೂಜು, ಮೈತುಂಬ ಸಾಲ, ಆದರೆ ದೊಡ್ಡ ಮನೆತನದ ಹೆಸರು. 1896ರಲ್ಲಿ ಇದನ್ನು ಪತ್ತೆ ಹಚ್ಚಿದ ಪಿಕಾರ್ ಎಂಬ ಅಧಿಕಾರಿಯನ್ನೇ ಟ್ಯುನಿಸಿಯಾಗೆ ಎತ್ತಂಗಡಿ ಮಾಡಿದರು. 1898ರಲ್ಲಿ ಸೇನಾ ನ್ಯಾಯಾಲಯ ಎಸ್ಟರ್‌ಹಾಜಿ ನಿರಪರಾಧಿ ಎಂದಿತು. ಡ್ರೇಫಸ್ ಮೇಲಿನ ಕಳಂಕ ಪೂರ್ತಿ ತೊಳೆದುಹೋಗಿದ್ದು 1906ರಲ್ಲಿ. ಈ ಪ್ರಕರಣವನ್ನು ಎಲ್ಲರೂ ಅನ್ಯಾಯದ ಕಥೆಯಾಗಿ ಓದುತ್ತಾರೆ, ಅದು ಸರಿಯೇ. ಆದರೆ ಇದು ಬೇಹುಗಾರಿಕೆಯ ಕಥೆಯೂ ಹೌದು. ತಪ್ಪು ಮನುಷ್ಯನನ್ನು ಹಿಡಿದು ಕೂತಷ್ಟು ಕಾಲ ಸರಿಯಾದ ಮನುಷ್ಯ ಆರಾಮಾಗಿ ಓಡಾಡಿಕೊಂಡಿದ್ದ.

ನಮ್ಮಲ್ಲಿ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ ಆದದ್ದು ನಿಮಗೆ ಗೊತ್ತಿರಬೇಕು. 1994ರಲ್ಲಿ ಬೇಹುಗಾರಿಕೆ ಆರೋಪದ ಮೇಲೆ ಬಂಧನ. 1996ರಲ್ಲಿ ಆರೋಪ ಸುಳ್ಳು ಎಂದು ಸಿಬಿಐ ವರದಿ. 2018ರಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಲ್ಲಿ ಬೇಹುಗಾರನೇ ಇರಲಿಲ್ಲ.

ಇನ್ನು ನಿಜವಾದ ಬೇಹುಗಾರರ ವಿಷಯ. ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯದ ಕರ್ನಲ್ ಆಲ್‌ಫ್ರೆಡ್ ರೆಡ್ಲ್ ವಿದೇಶಿ ಗೂಢಚಾರರನ್ನು ಹಿಡಿಯುವ ವಿಭಾಗದ ಮುಖ್ಯಸ್ಥನಾಗಿದ್ದವನು. ಆ ಕೆಲಸಕ್ಕೆ ಬೆರಳಚ್ಚು, ಗುಪ್ತ ಕ್ಯಾಮೆರಾದಂಥ ಹೊಸ ವಿಧಾನಗಳನ್ನು ತಂದವನೂ ಅವನೇ. ಅವನೇ ವರ್ಷಗಟ್ಟಲೆ ರಷ್ಯಾಕ್ಕೆ ಗುಟ್ಟು ಮಾರಿದ. 1913ರಲ್ಲಿ ವಿಯೆನ್ನಾದ ಅಂಚೆ ಕಚೇರಿಯಲ್ಲಿ ಯಾರೂ ಬಂದು ಒಯ್ಯದೆ ಉಳಿದ ಲಕೋಟೆಯೊಳಗೆ ಕಂತೆ ನೋಟು ಸಿಕ್ಕಿತು. ಪೊಲೀಸರು ಕಾದರು. ಅದೇ ಹೆಸರಿಗೆ ಬಂದಿದ್ದ ಹಣದ ಲಕೋಟೆ ಕೇಳಿಕೊಂಡು ಬಂದವನು ರೆಡ್ಲ್. ಅವತ್ತು ರಾತ್ರಿ ಸೇನಾಧಿಕಾರಿಗಳು ಹೋಟೆಲ್ ಕೋಣೆಗೆ ಹೋಗಿ, ಕೈಗೊಂದು ಪಿಸ್ತೂಲು ಕೊಟ್ಟು ಬಂದರು. ಮೇ 25ರ ಬೆಳಗಿನ ಜಾವ ಅವನು ಗುಂಡು ಹಾರಿಸಿಕೊಂಡ. ಇದಕ್ಕಿಂತ ದೊಡ್ಡ ಮೂರ್ಖತನ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ. ಸೇನೆಯ ಮಾನ ಉಳಿಸಲು ಹೋಗಿ, ಏನೇನು ಮಾರಿದ್ದಾನೆ ಎಂದು ಸರಿಯಾಗಿ ಕೇಳುವ ಅವಕಾಶವನ್ನೇ ಕಳೆದುಕೊಂಡರು. ಮುಂದಿನ ವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಸಂಬಳಕ್ಕೆ ಮೀರಿದ ಶೋಕಿ ಮಾಡುತ್ತಿದ್ದ ರೆಡ್ಲ್‌ನನ್ನು ಅದುವರೆಗೆ ಯಾರೂ ತಡೆದು ಕೇಳಿರಲಿಲ್ಲ. ಗೂಢಚಾರರನ್ನು ಹಿಡಿಯುವವನನ್ನು ಕೇಳುವವರು ಯಾರು, ಅಲ್ವಾ?

ಬೇಲಿಯೇ ಎದ್ದು ಹೊಲ ಮೇಯುವುದು ಅಂತಾರಲ್ಲ, ಆ ಮಾತು ಈ ಕ್ಷೇತ್ರಕ್ಕೆ ಅಕ್ಷರಶಃ ಒಪ್ಪುತ್ತದೆ. ರೆಡ್ಲ್ ಒಬ್ಬನೇ ಅಲ್ಲ. 1944ರಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6 ಸೋವಿಯತ್ ಬೇಹುಗಾರರ ಮೇಲೆ ಕಣ್ಣಿಡಲು ಒಂದು ವಿಭಾಗ ಮಾಡಿ ಅದಕ್ಕೆ ಕಿಮ್ ಫಿಲ್ಬಿಯನ್ನು ಮುಖ್ಯಸ್ಥ ಮಾಡಿತು. ಅವನು ಅಷ್ಟು ಹೊತ್ತಿಗೆ ಹತ್ತು ವರ್ಷದಿಂದ ಸೋವಿಯತ್ ಬೇಹುಗಾರ.

ಫಿಲ್ಬಿ ಮತ್ತು ಕೇಂಬ್ರಿಜ್‌ನ ಅವನ ನಾಲ್ವರು ಸಂಗಾತಿಗಳಾದ ಬರ್ಜೆಸ್, ಮಕ್ಲೀನ್, ಬ್ಲಂಟ್, ಕೇರ್ನ್‌ಕ್ರಾಸ್ ದುಡ್ಡಿಗಾಗಿ ಹೋದವರಲ್ಲ. 1930ರ ದಶಕದಲ್ಲಿ ಒಂದು ಕಡೆ ನಿರುದ್ಯೋಗ, ಇನ್ನೊಂದು ಕಡೆ ಹಿಟ್ಲರ್. ಫ್ಯಾಸಿಸಂ ಎದುರಿಸುವ ಶಕ್ತಿ ಇರುವುದು ಮಾಸ್ಕೋಗೆ ಮಾತ್ರ ಎಂದು ಆ ಹುಡುಗರು ನಂಬಿದರು. 1934ರಲ್ಲಿ ಫಿಲ್ಬಿಯನ್ನು ಸೇರಿಸಿಕೊಂಡ ಸೋವಿಯತ್ ಗೂಢಚಾರ ಆರ್ನಾಲ್ಡ್ ಡಾಯ್ಚ್‌ನ ಲೆಕ್ಕಾಚಾರ ಜಾಣತನದ್ದು. ದೊಡ್ಡ ಹುದ್ದೆಯಲ್ಲಿರುವವರನ್ನು ಒಲಿಸುವ ಬದಲು, ಮುಂದೆ ದೊಡ್ಡ ಹುದ್ದೆಗೆ ಹೋಗಲಿರುವ ವಿದ್ಯಾರ್ಥಿಗಳನ್ನು ಮೊದಲೇ ಒಲಿಸಿಕೊಂಡು ಕಾಯುವುದು. ಆ ಕಾಲದ ಬ್ರಿಟನ್ನಿನಲ್ಲಿ ಒಳ್ಳೆಯ ಮನೆತನ, ಒಳ್ಳೆಯ ಕಾಲೇಜು ಇದ್ದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಅವರ ಮನೆಯವರು ನಮಗೆ ಗೊತ್ತು ಎಂದು ಒಬ್ಬ ಹಿರಿಯ ಹೇಳಿದರೆ ಮುಗಿಯಿತು, ಮತ್ತೆ ವಿಚಾರಣೆ ಇಲ್ಲ.

1951ರ ಮೇನಲ್ಲಿ ಬರ್ಜೆಸ್ ಮತ್ತು ಮಕ್ಲೀನ್ ಮಾಸ್ಕೋಗೆ ಓಡಿಹೋದರು. ಫಿಲ್ಬಿ ಮೇಲೆ ಅನುಮಾನ ಬಂತು, ಕೆಲಸವೂ ಹೋಯಿತು. ಆದರೂ 1955ರಲ್ಲಿ ವಿದೇಶಾಂಗ ಸಚಿವ ಮ್ಯಾಕ್ಮಿಲನ್ ಅವನು ದ್ರೋಹಿ ಎನ್ನಲು ಕಾರಣವಿಲ್ಲ ಎಂದು ಸಂಸತ್ತಿನಲ್ಲೇ ಹೇಳಿದರು. ಎಂಐ6ನಲ್ಲಿದ್ದ ಗೆಳೆಯರು ಅವನ ಬೆನ್ನಿಗೆ ನಿಂತರು. 1963ರ ಜನವರಿಯಲ್ಲಿ ಅವನು ಬೈರೂತ್‌ನಿಂದ ಮಾಯವಾಗಿ ಮಾಸ್ಕೋದಲ್ಲಿ ತೇಲಿದ. ಬ್ಲಂಟ್ 1964ರಲ್ಲೇ ಒಪ್ಪಿಕೊಂಡಿದ್ದ. ಅದು ಜನರಿಗೆ ಗೊತ್ತಾದದ್ದು 1979ರಲ್ಲಿ, ಪ್ರಧಾನಿ ಥ್ಯಾಚರ್ ಸಂಸತ್ತಿನಲ್ಲಿ ಹೇಳಿದಾಗ.

ಒಂದು ಮಾತು ಇಲ್ಲಿ ಹೇಳಲೇಬೇಕು. ಯುದ್ಧದ ಮಧ್ಯೆ ಮಾಸ್ಕೋ ಈ ಐವರನ್ನೇ ಅನುಮಾನಿಸಿತ್ತು. ಇಷ್ಟು ಸುಲಭವಾಗಿ ಇಷ್ಟೊಂದು ಗುಟ್ಟು ಕೈಗೆ ಬರುತ್ತಿದೆ ಅಂದರೆ ಇದು ಬ್ರಿಟಿಷರ ಆಟವೇ ಇರಬೇಕು ಎಂದು ಅಲ್ಲಿನವರ ಯೋಚನೆ. ಮುಂದೆ ಮಾಸ್ಕೋಗೇ ಹೋದ ಫಿಲ್ಬಿಯನ್ನೂ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ವರ್ಷಗಟ್ಟಲೆ ತನ್ನ ಮುಖ್ಯ ಕಚೇರಿಯೊಳಗೆ ಬಿಟ್ಟುಕೊಳ್ಳಲಿಲ್ಲ.

ಈಗ ನಿಮ್ಮ ‘ಬಲೆ ಬೀಸುವ’ ಪ್ರಶ್ನೆ. ಬಲೆ ಬೀಸುವುದು ಉಂಟು. ಆದರೆ ಎರಡನೇ ಮಹಾಯುದ್ಧದ ನಂತರ ಅತಿ ಹೆಚ್ಚು ಹಾನಿ ಮಾಡಿದವರಲ್ಲಿ ಬಹಳ ಮಂದಿ ತಾವಾಗಿಯೇ ಹೋಗಿ ಬಾಗಿಲು ತಟ್ಟಿದವರು. ಅಮೆರಿಕದ ನೌಕಾಪಡೆಯ ಜಾನ್ ವಾಕರ್ 1967ರಲ್ಲಿ ವಾಷಿಂಗ್ಟನ್‌ನ ಸೋವಿಯತ್ ರಾಯಭಾರ ಕಚೇರಿಗೆ ನೇರವಾಗಿ ನಡೆದುಹೋದ. ಅವನಿಗೆ ಬಾರ್ ವ್ಯಾಪಾರದಲ್ಲಿ ನಷ್ಟವಾಗಿತ್ತು. ಅವನು ಮಾರಿದ್ದು ನೌಕಾಪಡೆಯ ಸಂಕೇತ ಯಂತ್ರಗಳ ಕೀಲಿ ಪಟ್ಟಿ. ಅದು ಕೈಯಲ್ಲಿದ್ದರೆ ಹಡಗುಗಳ ರಹಸ್ಯ ಸಂದೇಶಗಳನ್ನು ಓದಬಹುದು. 1985ರವರೆಗೆ ನಡೆಸಿದ. ಅಣ್ಣನನ್ನು, ಗೆಳೆಯನನ್ನು, ಕೊನೆಗೆ ನೌಕಾಪಡೆಗೆ ಸೇರಿದ್ದ ಮಗನನ್ನೂ ಎಳೆದ.

ಅವನನ್ನು ಹಿಡಿದುಕೊಟ್ಟದ್ದು ಬಿಟ್ಟುಹೋದ ಹೆಂಡತಿ ಬಾರ್ಬರಾ. ಆಕೆಗೆ ವರ್ಷಗಳಿಂದ ಗೊತ್ತಿತ್ತು. 1984ರ ಕೊನೆಗೆ ಧೈರ್ಯ ಮಾಡಿ, ದೇಶದೊಳಗಿನ ಬೇಹುಗಾರರನ್ನು ಹಿಡಿಯುವ ಎಫ್‌ಬಿಐಗೆ ಫೋನ್ ಮಾಡಿದಳು. ಮಾತಾಡಿಸಲು ಬಂದವನಿಗೆ ಕಂಡದ್ದು ಕುಡಿದಿದ್ದ, ಮಾಜಿ ಗಂಡನ ಮೇಲೆ ಕೋಪವಿದ್ದ ಹೆಂಗಸು. ಬರೆದುಕೊಂಡು ಫೈಲಿಗೆ ಹಾಕಿದ. ತಿಂಗಳುಗಳು ಕಳೆದ ಮೇಲೆ ಇನ್ನೊಬ್ಬ ಅಧಿಕಾರಿಯ ಕಣ್ಣಿಗೆ ಆ ಫೈಲು ಬಿತ್ತು, ಆಮೇಲಷ್ಟೇ ತನಿಖೆ ಶುರು. ಮಗನೂ ಇದರಲ್ಲಿದ್ದಾನೆ ಎಂದು ಆ ತಾಯಿಗೆ ಗೊತ್ತೇ ಇರಲಿಲ್ಲ. ಅವನಿಗೆ 25 ವರ್ಷ ಜೈಲಾಯಿತು.

ಅಮೆರಿಕದ ಪತ್ರಿಕೆಗಳು 1985ನ್ನು ಬೇಹುಗಾರರ ವರ್ಷ ಎಂದು ಕರೆದವು. ವಾಕರ್ ಸಿಕ್ಕ. ಇಸ್ರೇಲಿಗೆ ದಾಖಲೆ ಕೊಡುತ್ತಿದ್ದ ಜೊನಾಥನ್ ಪೊಲಾರ್ಡ್ ಸಿಕ್ಕ. ಸಮುದ್ರದಡಿಯ ಸೋವಿಯತ್ ತಂತಿಗೆ ಅಮೆರಿಕ ಕಿವಿಗೊಟ್ಟಿದ್ದ ಗುಟ್ಟನ್ನು ಮಾರಿದ ರೊನಾಲ್ಡ್ ಪೆಲ್ಟನ್ ಸಿಕ್ಕ. ಅದೇ ವರ್ಷ, ಯಾರಿಗೂ ತಿಳಿಯದ ಹಾಗೆ, ಇವರೆಲ್ಲರಿಗಿಂತ ದೊಡ್ಡ ಹಾನಿ ಶುರುವಾಗಿತ್ತು.

1985ರ ಏಪ್ರಿಲ್‌ನಲ್ಲಿ ಅಮೆರಿಕದ ವಿದೇಶಿ ಗುಪ್ತಚರ ಸಂಸ್ಥೆ ಸಿಐಎಯ ಆಲ್ಡ್ರಿಚ್ ಏಮ್ಸ್ ಅದೇ ಸೋವಿಯತ್ ರಾಯಭಾರ ಕಚೇರಿಗೆ ಹೋಗಿ ಒಂದು ಲಕೋಟೆ ಕೊಟ್ಟು 50,000 ಡಾಲರ್ ಕೇಳಿದ. ಅವನ ಹುದ್ದೆ ಏನು ಗೊತ್ತಾ? ಸಿಐಎಯ ಸೋವಿಯತ್ ವಿಭಾಗದಲ್ಲಿ ಪ್ರತಿ-ಬೇಹುಗಾರಿಕೆ ಶಾಖೆಯ, ಅಂದರೆ ಎದುರಾಳಿಯ ಬೇಹುಗಾರರನ್ನು ಪತ್ತೆ ಹಚ್ಚುವ ಶಾಖೆಯ, ಮುಖ್ಯಸ್ಥ. ವಿಚ್ಛೇದನದ ಖರ್ಚು, ಸಾಲ, ಕುಡಿತ, ತನ್ನ ಯೋಗ್ಯತೆಗೆ ಬೆಲೆ ಸಿಗಲಿಲ್ಲ ಎಂಬ ಸಿಟ್ಟು. ಜೂನ್‌ನಲ್ಲಿ ದಾಖಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಕಚೇರಿಯ ಬಾಗಿಲಿನಿಂದಲೇ ಹೊರಬಂದು, ಒಂದು ರೆಸ್ಟೋರೆಂಟಿನಲ್ಲಿ ಸೋವಿಯತ್ ರಾಜತಾಂತ್ರಿಕನ ಕೈಗಿತ್ತ. ಅಮೆರಿಕಕ್ಕಾಗಿ ಕೆಲಸ ಮಾಡುತ್ತಿದ್ದ ಸೋವಿಯತ್ ಪ್ರಜೆಗಳ ಹೆಸರುಗಳು ಅದರಲ್ಲಿದ್ದವು. ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಕಡಿಮೆಯೆಂದರೂ ಹತ್ತು ಮಂದಿಗೆ ಮರಣದಂಡನೆಯಾಯಿತು.

ಮುಂದಿನ ಒಂಬತ್ತು ವರ್ಷ ಅವನು ಏನನ್ನೂ ಅಷ್ಟಾಗಿ ಮುಚ್ಚಿಡಲಿಲ್ಲ. 5,40,000 ಡಾಲರ್ ಕೊಟ್ಟು ಸಾಲವಿಲ್ಲದೆ ಮನೆ ಕೊಂಡ. ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬಂದ. ಕೇಳಿದರೆ ಕೊಲಂಬಿಯಾದ ಮಾವನ ಮನೆಯವರು ಶ್ರೀಮಂತರು ಎಂದ, ಜನ ನಂಬಿದರು. 1986ರಲ್ಲೂ 1991ರಲ್ಲೂ ಸುಳ್ಳುಪತ್ತೆ ಯಂತ್ರದ ಪರೀಕ್ಷೆಯಲ್ಲಿ ಪಾಸಾದ. ಅವನ ಕುಟುಂಬವನ್ನು ಮೊದಲಿನಿಂದ ಬಲ್ಲ ಸಹೋದ್ಯೋಗಿಯೊಬ್ಬರಿಗೆ ಅನುಮಾನ ಬಂದದ್ದು ಕಿಟಕಿಯ ಪರದೆಗಳಿಂದ. ಹೊಸ ಮನೆಯಲ್ಲಿ ಮೊದಲು ಒಂದು ಕೋಣೆಗೆ ಪರದೆ ಹಾಕಿಸುವ ಮಾತು ಬಂದಾಗ ಏಮ್ಸ್ ಹೆಂಡತಿ, ಒಂದು ಕೋಣೆ ಯಾಕೆ, ಇಡೀ ಮನೆಗೇ ಒಟ್ಟಿಗೆ ಹಾಕಿಸುತ್ತೇನೆ ಅಂದಳು. ಸರಕಾರಿ ಸಂಬಳದಲ್ಲಿ ಇದು ಆಗುವ ಮಾತಲ್ಲ ಎಂದು ಆ ಸಹೋದ್ಯೋಗಿ 1989ರಲ್ಲಿ ತಿಳಿಸಿದರು. ತನಿಖೆ ಶುರುವಾಯಿತು, ತನಿಖೆ ಮಾಡುತ್ತಿದ್ದವನನ್ನು ಬೇರೆ ಕೆಲಸಕ್ಕೆ ಹಾಕಿದರು, ಅಲ್ಲಿಗೆ ನಿಂತಿತು.

ಕೊನೆಗೆ ಬೀಗ ತೆರೆದವರು ಸ್ಯಾಂಡಿ ಗ್ರೈಮ್ಸ್ ಎಂಬ ಸಿಐಎ ಅಧಿಕಾರಿ. ಅವರು ಏಮ್ಸ್‌ನ ದಿನಚರಿಯನ್ನೂ ಬ್ಯಾಂಕ್ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ಓದಿದರು. ಆ ಸೋವಿಯತ್ ರಾಜತಾಂತ್ರಿಕನ ಜೊತೆ ಊಟಕ್ಕೆ ಹೋಗಲು ಏಮ್ಸ್‌ಗೆ ಕಚೇರಿಯ ಅನುಮತಿಯೇ ಇತ್ತು, ಹಾಗಾಗಿ ಭೇಟಿಯ ತಾರೀಖುಗಳು ಸಿಐಎಯ ಕಡತದಲ್ಲೇ ಇದ್ದವು. 1985ರ ಮೇ 17ರಂದು ಊಟ, 18ಕ್ಕೆ ಬ್ಯಾಂಕಿಗೆ 9,000 ಡಾಲರ್ ಜಮಾ. ಜುಲೈ 2ಕ್ಕೆ ಊಟ, 5ಕ್ಕೆ 5,000 ಜಮಾ. ಜುಲೈ 31ಕ್ಕೆ ಊಟ, ಅವತ್ತೇ 8,500 ಜಮಾ. ಇಷ್ಟೇ. ಇದಕ್ಕೆ ಉಪಗ್ರಹ ಬೇಕಾಗಿರಲಿಲ್ಲ, ಮಾರುವೇಷ ಬೇಕಾಗಿರಲಿಲ್ಲ. 1994ರ ಫೆಬ್ರವರಿಯಲ್ಲಿ ಅವನ ಬಂಧನವಾಯಿತು.

ಆದರೂ ಕೆಲವು ಸೋರಿಕೆಗಳಿಗೆ ಏಮ್ಸ್ ಲೆಕ್ಕ ಹೊಂದಲಿಲ್ಲ. ಇನ್ನೊಬ್ಬನಿದ್ದಾನೆ ಎಂದಾಯಿತು. ಎಫ್‌ಬಿಐ ತನಿಖೆದಾರರಿಗೆ ಅವನು ಸಿಐಎಯವನೇ ಎಂಬ ಖಾತ್ರಿ, ತಮ್ಮ ಮನೆಯವನಂತೂ ಅಲ್ಲ. ಅವರು ಬ್ರಯನ್ ಕೆಲ್ಲಿ ಎಂಬ ಸಿಐಎ ಅಧಿಕಾರಿಯ ಬೆನ್ನು ಹತ್ತಿದರು. ಮನೆ ಶೋಧಿಸಿದಾಗ ಪಾರ್ಕಿನ ನಕ್ಷೆಯೊಂದು ಸಿಕ್ಕಿತು. ಕೆಲ್ಲಿ ಜಾಗಿಂಗ್ ಹೋಗುವ ದಾರಿಯನ್ನು ಅದರಲ್ಲಿ ಗುರುತು ಹಾಕಿಕೊಂಡಿದ್ದರು. ತನಿಖೆದಾರರ ಕಣ್ಣಿಗೆ ಅದು ಕಾಗದ ಬಚ್ಚಿಡುವ ಜಾಗಗಳ ನಕ್ಷೆಯಾಗಿ ಕಂಡಿತು. ವಿದೇಶಿ ಉಚ್ಚಾರದ ಒಬ್ಬನನ್ನು ಮನೆ ಬಾಗಿಲಿಗೆ ಕಳಿಸಿ, ನೀನು ಸಿಕ್ಕಿಬೀಳುತ್ತೀಯ, ಓಡಿಹೋಗು ಎಂದು ಹೇಳಿಸಿದರು. ಕೆಲ್ಲಿ ಓಡಲಿಲ್ಲ, ಮರುದಿನ ಹೋಗಿ ತಮ್ಮ ಕಚೇರಿಗೆ ವರದಿ ಮಾಡಿದರು. ನಿರಪರಾಧಿಯಾದವನು ಮಾಡುವುದು ಅದನ್ನೇ ಅಲ್ವಾ? ತನಿಖೆದಾರರು ಮಾತ್ರ ಎಂಥ ಪಳಗಿದ ಬೇಹುಗಾರ ಎಂದುಕೊಂಡರು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಕೆಲಸದಿಂದ ಹೊರಗಿಟ್ಟರು, ಮನೆಮಂದಿಯನ್ನೆಲ್ಲ ವಿಚಾರಣೆ ಮಾಡಿದರು.

ಸತ್ಯ ಹೊರಬಂದದ್ದು ಮಾಸ್ಕೋದಿಂದ. ಒಬ್ಬ ಮಾಜಿ ಕೆಜಿಬಿ ಅಧಿಕಾರಿಗೆ 70 ಲಕ್ಷ ಡಾಲರ್ ಕೊಟ್ಟು ಎಫ್‌ಬಿಐ ಒಂದು ಕಡತ ತರಿಸಿತು. ಅದರಲ್ಲೊಂದು ಟೇಪ್. ಕೆಲ್ಲಿಯ ದನಿ ಕೇಳುತ್ತದೆ ಎಂದು ಕಾದು ಕೂತವರಿಗೆ ಕೇಳಿಸಿದ್ದು ತಮ್ಮದೇ ಸಹೋದ್ಯೋಗಿ ರಾಬರ್ಟ್ ಹ್ಯಾನ್ಸನ್ ದನಿ. ದಿನವೂ ಚರ್ಚಿಗೆ ಹೋಗುವವನು, ಆರು ಮಕ್ಕಳ ತಂದೆ, ಕಮ್ಯುನಿಸಂ ಕಂಡರೆ ಉರಿದು ಬೀಳುವವನು. 1979ರಿಂದ, ನಡುನಡುವೆ ಬಿಟ್ಟು ಬಿಟ್ಟು, ಮಾಸ್ಕೋಗೆ ಮಾರುತ್ತಲೇ ಬಂದಿದ್ದ. ನಗದು, ವಜ್ರ ಎಲ್ಲ ಸೇರಿ ಸಿಕ್ಕಿದ್ದು 14 ಲಕ್ಷ ಡಾಲರಿನಷ್ಟು. ಎಫ್‌ಬಿಐ ಒಳಗಿನ ದ್ರೋಹಿಯ ಬಗ್ಗೆ ಅಧ್ಯಯನ ಮಾಡು ಎಂದು 1980ರ ದಶಕದಲ್ಲೇ ಅವನಿಗೆ ಕೆಲಸ ವಹಿಸಿದ್ದರು. ಅಂದರೆ ತನ್ನನ್ನು ತಾನೇ ಹುಡುಕುವ ಕೆಲಸ. 1990ರಲ್ಲಿ ಅವನ ಹೆಂಡತಿಯ ಸೋದರ, ಆತನೂ ಎಫ್‌ಬಿಐ ಏಜೆಂಟ್, ಇವರ ಮನೆಯಲ್ಲಿ ಸಾವಿರಾರು ಡಾಲರ್ ನಗದು ಕಂಡಿದೆ, ಸ್ವಲ್ಪ ನೋಡಿ ಎಂದು ಮೇಲಿನವರಿಗೆ ಹೇಳಿದ್ದ. ಯಾರೂ ನೋಡಲಿಲ್ಲ. 2001ರ ಫೆಬ್ರವರಿ 18ರಂದು ವರ್ಜೀನಿಯಾದ ಒಂದು ಪಾರ್ಕಿನಲ್ಲಿ, ಕಾಲುಸೇತುವೆಯ ಕೆಳಗೆ ಪೊಟ್ಟಣ ಇಟ್ಟು ಬರುವಾಗ ಅವನನ್ನು ಹಿಡಿದರು. ಎಫ್‌ಬಿಐ ಕೆಲ್ಲಿಯವರ ಕ್ಷಮೆ ಕೇಳಿತು.

ಹಾಗಾದರೆ ಯಾಕೆ ಮಾಡುತ್ತಾರೆ? ತರಬೇತಿಯಲ್ಲಿ ನಾಲ್ಕು ಕಾರಣ ಹೇಳಿಕೊಡುತ್ತಾರೆ: ದುಡ್ಡು, ಸಿದ್ಧಾಂತ, ಬೆದರಿಕೆ, ಅಹಂಕಾರ. ಈ ಪಟ್ಟಿ ತಪ್ಪೇನಲ್ಲ. 1930–40ರ ದಶಕಗಳಲ್ಲಿ ಸಿದ್ಧಾಂತ ಮುಂದಿತ್ತು. ಅಣುಬಾಂಬಿನ ಗುಟ್ಟನ್ನು ಸೋವಿಯತ್ ಒಕ್ಕೂಟಕ್ಕೆ ಕೊಟ್ಟ ವಿಜ್ಞಾನಿ ಕ್ಲಾಸ್ ಫುಕ್ಸ್ ಅಂಥವನು. ಶೀತಲ ಸಮರದ ಕೊನೆಗೆ ದುಡ್ಡು ಮುಂದೆ ಬಂತು. ಆದರೆ ಒಬ್ಬೊಬ್ಬರ ಬದುಕನ್ನು ಹತ್ತಿರದಿಂದ ನೋಡಿದರೆ ಒಂದೇ ಕಾರಣ ಇದ್ದವರು ಕಮ್ಮಿ. ಸಾಲ ಎಲ್ಲರಿಗೂ ಇರುತ್ತದೆ, ಎಲ್ಲರೂ ದೇಶ ಮಾರುವುದಿಲ್ಲ. ಸಾಲದ ಜೊತೆಗೆ ‘ನನ್ನ ಬೆಲೆ ಇವರಿಗೆ ತಿಳಿಯಲಿಲ್ಲ’ ಎಂಬ ಕಹಿ, ಕೈಗೆಟಕುವ ಗುಟ್ಟು, ಮನೆಯಲ್ಲೋ ಕೆಲಸದಲ್ಲೋ ಒಂದು ಕುಸಿತ ಸೇರಬೇಕು. ಏಮ್ಸ್‌ಗೆ ಇವೆಲ್ಲ ಒಂದೇ ವರ್ಷದಲ್ಲಿ ಕೂಡಿಬಂದವು.

ಆನಾ ಮೊಂಟೆಸ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿ ಕ್ಯೂಬಾ ವಿಷಯದ ಪ್ರಮುಖ ವಿಶ್ಲೇಷಕಿ. ಲ್ಯಾಟಿನ್ ಅಮೆರಿಕದಲ್ಲಿ ತನ್ನ ದೇಶ ನಡೆದುಕೊಳ್ಳುವ ರೀತಿ ತಪ್ಪು ಎಂದು ನಂಬಿ, ಖರ್ಚು ಬಿಟ್ಟರೆ ದುಡ್ಡು ಪಡೆಯದೆ, ಸುಮಾರು 16 ವರ್ಷ ಕ್ಯೂಬಾಗೆ ಕೆಲಸ ಮಾಡಿದಳು. ಕಚೇರಿಯಿಂದ ಒಂದು ಕಾಗದವನ್ನೂ ಒಯ್ಯುತ್ತಿರಲಿಲ್ಲ. ಓದಿ ಬಾಯಿಪಾಠ ಮಾಡಿಕೊಂಡು ರಾತ್ರಿ ಮನೆಯಲ್ಲಿ ಟೈಪ್ ಮಾಡುತ್ತಿದ್ದಳು. ಸೂಚನೆಗಳು ಶಾರ್ಟ್‌ವೇವ್ ರೇಡಿಯೋದಲ್ಲಿ ಅಂಕಿಗಳಾಗಿ ಬರುತ್ತಿದ್ದವು. ಆಕೆಯ ಒಡಹುಟ್ಟಿದವರು ಎಫ್‌ಬಿಐನಲ್ಲಿದ್ದರು. 1996ರಲ್ಲಿ ಒಬ್ಬ ಸಹೋದ್ಯೋಗಿ ಅನುಮಾನ ಹೇಳಿದ. ವಿಚಾರಿಸಿ ಬಿಟ್ಟರು. ಸಿಕ್ಕಿದ್ದು 2001ರ ಸೆಪ್ಟೆಂಬರ್ 21ರಂದು.

ನೀವು ‘ದ್ರೋಹ’ ಎಂದಾಗ ನನ್ನ ಮನಸ್ಸಿಗೆ ಬರುವ ಇನ್ನೊಂದು ಮುಖ ಏಮ್ಸ್ ಬಲಿ ಕೊಟ್ಟವರದ್ದು. ಅವರೂ ತಮ್ಮ ದೇಶದ ಗುಟ್ಟು ಕೊಟ್ಟವರೇ. ಡಿಮಿಟ್ರಿ ಪೊಲ್ಯಾಕೊವ್ ಸೋವಿಯತ್ ಸೇನಾ ಗುಪ್ತಚರ ದಳದ ಜನರಲ್. ಇಪ್ಪತ್ತು ವರ್ಷ ಅಮೆರಿಕಕ್ಕೆ ಮಾಹಿತಿ ಕೊಟ್ಟರೂ ದೊಡ್ಡ ದುಡ್ಡು ಕೇಳಲಿಲ್ಲ. ಮರಗೆಲಸದ ಉಪಕರಣ, ಮೀನು ಹಿಡಿಯುವ ಸಾಮಾನು ಕೇಳಿದ. 1988ರಲ್ಲಿ ಕೊಂದರು. ಏಮ್ಸ್‌ಗೆ ಬಲಿಯಾದವನಲ್ಲದಿದ್ದರೂ ಇನ್ನೊಬ್ಬನ ಹೆಸರು ಇಲ್ಲಿ ಹೇಳಬೇಕು. ಪೋಲೆಂಡಿನ ಕರ್ನಲ್ ಕುಕ್ಲಿನ್ಸ್ಕಿ, ಯುದ್ಧವಾದರೆ ತನ್ನ ದೇಶವೇ ಅಣುಬಾಂಬಿಗೆ ಗುರಿಯಾಗುತ್ತದೆ ಎಂದು ಕಂಡು, ಸೋವಿಯತ್ ಬಣದ ಸೇನಾ ಕೂಟವಾದ ವಾರ್ಸಾ ಒಪ್ಪಂದದ ಯುದ್ಧ ಯೋಜನೆಗಳನ್ನು ಸಿಐಎಗೆ ದಾಟಿಸಿದ. 1984ರಲ್ಲಿ ಅವನ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿದರು. 2016ರಲ್ಲಿ ಅದೇ ಪೋಲೆಂಡ್ ಅವನಿಗೆ ಮರಣಾನಂತರ ಜನರಲ್ ಪದವಿ ಕೊಟ್ಟಿತು. ಅಲ್ಲಿ ಇವತ್ತಿಗೂ ಈ ಬಗ್ಗೆ ಎರಡು ಮಾತಿದೆ. ನನ್ನ ಅಭಿಪ್ರಾಯ ಕೇಳಿದರೆ, ಪ್ರಜೆಗಳಿಗೆ ಬಾಯಿ ತೆರೆಯಲು ಬಿಡದ ಆಡಳಿತವನ್ನು ಮೋಸಗೊಳಿಸಿದವನನ್ನೂ, ಜಾಗ್ವಾರ್ ಕಾರಿಗಾಗಿ ಹತ್ತು ಮಂದಿಯನ್ನು ಸಾವಿಗೆ ಕಳಿಸಿದವನನ್ನೂ ಒಂದೇ ಹೆಸರಿನಿಂದ ಕರೆಯುವುದು ನ್ಯಾಯವಲ್ಲ.

ಈಗ ಕಾಲ ಬದಲಾಗಿದೆಯಾ? ದಾರಿ ಬದಲಾಗಿದೆ. ಸಾಲದಲ್ಲಿದ್ದ ಮಾಜಿ ಸಿಐಎ ಅಧಿಕಾರಿ ಕೆವಿನ್ ಮ್ಯಾಲರಿಯನ್ನು 2017ರಲ್ಲಿ ಚೀನಾದವರು ಸಂಪರ್ಕಿಸಿದ್ದು ಲಿಂಕ್ಡ್‌ಇನ್ ಮೂಲಕ, ಕೆಲಸ ಕೊಡುವ ನೆಪದಲ್ಲಿ. ಅವನಿಗೆ 20 ವರ್ಷ ಜೈಲಾಯಿತು. ಏಮ್ಸ್ ಪ್ರಕರಣದ ನಂತರ ಅಮೆರಿಕದಲ್ಲಿ ಗುಟ್ಟು ಕಾಯುವ ನೌಕರರ ಬ್ಯಾಂಕ್ ಲೆಕ್ಕ ನೋಡಲು ಕಾನೂನು ಬಂತು, ಅದು ಒಳ್ಳೆಯದೇ ಆಯಿತು. ಆದರೆ ದುಡ್ಡೇ ಮುಟ್ಟದವರಿಗೆ ಆ ಬಲೆ ಸಾಲದು.

ಅಮೆರಿಕದ ರಾಯಭಾರಿಯಾಗಿ ನಿವೃತ್ತನಾದ ವಿಕ್ಟರ್ ಮಾನ್ವೆಲ್ ರೋಚಾ 1980ರ ದಶಕದಿಂದ ಕ್ಯೂಬಾದ ಬೇಹುಗಾರನಾಗಿದ್ದ. ಹೊರಗೆ ಕ್ಯೂಬಾ ಆಡಳಿತದ ಕಟ್ಟಾ ವಿರೋಧಿಯ ವೇಷ. 2006ರಲ್ಲೇ ಒಂದು ಸುಳಿವು ಬಂದಿತ್ತು. ಒಬ್ಬ ಕಮ್ಯುನಿಸ್ಟ್ ವಿರೋಧಿಗೆ ಮಸಿ ಬಳಿಯಲು ಹಬ್ಬಿಸಿದ ಸುಳ್ಳು ಎಂದು ಅದನ್ನು ತಳ್ಳಿಹಾಕಿದರು. 2023ರ ಡಿಸೆಂಬರಿನಲ್ಲಿ ಬಂಧಿಸಿದಾಗ ಅವನಿಗೆ 73 ವರ್ಷ.